ತಿದಿಯೂ ಉಸಿರೂ

ಕಳೆದ ವರ್ಷ ನನಗೊಂದು ಶಸ್ತ್ರಚಿಕಿತ್ಸೆಯಾಯಿತು. ಪಿತ್ತಕೋಶದಲ್ಲಿ ಕಲ್ಲುಗಳು ಸೇರಿಕೊಂಡಿದ್ದವು, ತೆಗೆಸದೆ ವಿಧಿಯಿರಲಿಲ್ಲ. ಅರವತ್ತು ದಾಟಿದವನ ದೇಹದಲ್ಲಿ ಇದೇನೂ ವಿಶೇಷದ ಸಂಗತಿಯಲ್ಲ. ಅದನ್ನು ಹೇಳಲು ನಾನು ಇಲ್ಲಿ ಕುಳಿತಿಲ್ಲ. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ಅರಿವಳಿಕೆಯ ವೈದ್ಯೆ ನನ್ನನ್ನು ನೋಡಲು ಬಂದರು. ಒಂದು ಕಾಲದಲ್ಲಿ ಪಿ.ಯು.ಸಿ.ಯ ಕನ್ನಡ ತರಗತಿಯಲ್ಲಿ ನನ್ನ ಪಾಠ ಕೇಳಿದ್ದವರಂತೆ. ನರ್ಸ್ ಆಗಲೇ ನನ್ನನ್ನು ತಕ್ಕಡಿಯ ಮೇಲೆ ನಿಲ್ಲಿಸಿ 78 ಕಿಲೋ ಎಂದು ಬರೆದುಕೊಂಡಿದ್ದಳು. ಈಕೆ ಅದನ್ನು ನೋಡಿಯೂ ನೋಡದಂತೆ, "ಸರ್, ನಿಮ್ಮ ಎತ್ತರ ಎಷ್ಟು?" ಎಂದು ಕೇಳಿದರು. ನನಗೆ ನೆನಪಿರಲಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿ ಟೇಪು ಹಿಡಿದು ಅಳೆಸಿದರು: 165 ಸೆಂಟಿಮೀಟರು. ಶವಪೆಟ್ಟಿಗೆಗೋ ಎಂದು ನಾನು ವಿನೋದಕ್ಕೆ ಕೇಳಿದೆ. ಅವರು ನಗಲಿಲ್ಲ. "ನಾಳೆ ಒಂದೂವರೆ ಗಂಟೆಯ ಕಾಲ ನಿಮ್ಮ ಉಸಿರನ್ನು ನಾನು ಆಡಿಸಬೇಕು ಸರ್. ನಿಮ್ಮ ಶ್ವಾಸಕೋಶ ಎಷ್ಟು ದೊಡ್ಡದೆಂದು ತೂಕ ಹೇಳುವುದಿಲ್ಲ, ಎತ್ತರ ಹೇಳುತ್ತದೆ. ಹೊಟ್ಟೆ ಬೆಳೆದ ಹಾಗೆಲ್ಲ ಶ್ವಾಸಕೋಶ ಬೆಳೆಯುವುದಿಲ್ಲವಲ್ಲ" ಎಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮನೆಗೆ ಬಂದ ಮೇಲೆ, ವಿಶ್ರಾಂತಿಯ ದಿನಗಳಲ್ಲಿ, ಆ ವೈದ್ಯೆಯೇ ಕೊಟ್ಟ ಕೆಲವು ಪುಸ್ತಕ ಪ್ರಬಂಧಗಳನ್ನು ಓದಿದೆ. ವೈದ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಒಬ್ಬ ಮನುಷ್ಯನ ಎದೆಯೊಳಕ್ಕೆ ಇನ್ನೊಬ್ಬನು ಗಾಳಿ ತುಂಬುವಾಗ ಎಷ್ಟು ತುಂಬಬೇಕು ಎಂಬ ಪ್ರಶ್ನೆಗೆ ಇನ್ನೂರೆಂಬತ್ತು ವರ್ಷಗಳ ಇತಿಹಾಸವಿದೆಯೆಂದು ತಿಳಿದಾಗ, ಇತಿಹಾಸದ ರುಚಿಯುಳ್ಳ ಯಾವನಿಗೂ ಆಗುವ ಕುತೂಹಲ ನನಗೂ ಆಯಿತು.

ಈ ಕಥೆಯ ಮೊದಲ ಪಾತ್ರ ತಿದಿ. ಇಂದಿನ ಮಕ್ಕಳಿಗೆ ಆ ಶಬ್ದದ ಅರ್ಥವನ್ನೇ ಹೇಳಿಕೊಡಬೇಕು. ನಾನು ಹುಡುಗನಾಗಿದ್ದಾಗ ನಮ್ಮೂರ ಆಚಾರಿಯ ಕುಲುಮೆಯಲ್ಲಿ ಚರ್ಮದ ತಿದಿಯೊಂದಿತ್ತು. ಶಾಲೆ ಬಿಟ್ಟೊಡನೆ ಅಲ್ಲಿಗೆ ಓಡಿ, ತಿದಿ ಒತ್ತುವ ಅವಕಾಶಕ್ಕಾಗಿ ಕಾಯುತ್ತಿದ್ದೆವು. ನಮ್ಮದು ಹುಡುಗರ ಹುರುಪು. ಜೋರಾಗಿ ಒತ್ತಿದರೆ ಕೆಲಸ ಬೇಗನೆ ಆದೀತೆಂಬ ಭಾವನೆ. ಕೆಂಡ ಸಿಡಿದು ಹಾರುತ್ತಿತ್ತು. ಆಚಾರಿ ಇಕ್ಕಳದಿಂದಲೇ ಬೆದರಿಸಿ, "ಮೆತ್ತಗೆ ಒತ್ತೋ, ಅದು ಉಸಿರಾಡಬೇಕು, ಸೀನಬಾರದು" ಎನ್ನುತ್ತಿದ್ದ.

ತಿದಿಯನ್ನು ಪ್ರಾಣಿಯ ಎದೆಗೆ ಜೋಡಿಸಿದ ಪ್ರಯೋಗಗಳು ಬಹಳ ಹಳೆಯವು. 1543ರಲ್ಲಿ ಪ್ರಕಟವಾದ ತನ್ನ ಅಂಗರಚನಾಶಾಸ್ತ್ರದ ಮಹಾಗ್ರಂಥದಲ್ಲಿ ವೆಸೇಲಿಯಸ್, ಪ್ರಾಣಿಯ ಗಂಟಲ ನಾಳದಲ್ಲಿ ರಂಧ್ರ ಮಾಡಿ ಜೊಂಡಿನ ಕೊಳವೆಯಿಟ್ಟು ಊದಿದರೆ ಕುಸಿದ ಶ್ವಾಸಕೋಶ ಮತ್ತೆ ಏಳುವುದನ್ನೂ ಸೋತ ಹೃದಯ ಮತ್ತೆ ಮಿಡಿಯುವುದನ್ನೂ ಬರೆದ. 1667ರಲ್ಲಿ ರಾಬರ್ಟ್ ಹುಕ್ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರೆದುರು, ಎದೆ ತೆರೆದ ನಾಯಿಯೊಂದನ್ನು ತಿದಿಯ ಗಾಳಿಯಿಂದಲೇ ಬದುಕಿಸಿಟ್ಟು ತೋರಿಸಿದ. ಶ್ವಾಸಕೋಶದ ಮೇಲ್ಮೈಯನ್ನು ಅಲ್ಲಲ್ಲಿ ಚುಚ್ಚಿ, ಗಾಳಿ ಒಂದೇ ಸಮನೆ ಹರಿದುಹೋಗುವಂತೆ ಮಾಡಿದಾಗ ಶ್ವಾಸಕೋಶ ಅಲುಗದೆ ನಿಂತಿತು, ನಾಯಿ ಮಾತ್ರ ಸಾಯಲಿಲ್ಲ. ಜೀವವನ್ನು ಹಿಡಿದಿಡುವುದು ಎದೆಯ ಏರಿಳಿತವಲ್ಲ, ಒಳಗೆ ಬರುವ ಹೊಸ ಗಾಳಿ ಎಂಬುದು ಆಗ ಸಿದ್ಧವಾಯಿತು. ಇದೇ ಹುಕ್ ಮೂರು ವರ್ಷ ಮೊದಲು ಇಂಥದೇ ಪ್ರಯೋಗ ಮಾಡಿ, ಪ್ರಾಣಿಯ ಯಾತನೆಯನ್ನು ಕಂಡು, ಮತ್ತೆ ಇಂಥದಕ್ಕೆ ಕೈಹಾಕಲಾರೆನೆಂದು ರಾಬರ್ಟ್ ಬಾಯ್ಲ್‌ಗೆ ಪತ್ರ ಬರೆದಿದ್ದ. ಆದರೂ ಮಾಡಿದ. ವಿಜ್ಞಾನಿಯ ಮನಸ್ಸಿನಲ್ಲಿ ಕುತೂಹಲಕ್ಕೂ ಕರುಣೆಗೂ ನಡೆಯುವ ಜಗಳದಲ್ಲಿ ಯಾವುದು ಗೆಲ್ಲುತ್ತದೆಂದು ಹೇಳಬರುವುದಿಲ್ಲ.

ಎಷ್ಟು ತುಂಬಬೇಕು ಎಂಬ ಪ್ರಶ್ನೆ ಎದ್ದದ್ದು ಮನುಷ್ಯನ ವಿಷಯದಲ್ಲಿ. 1732ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಅಲೋವಾ ಎಂಬಲ್ಲಿ ಕಲ್ಲಿದ್ದಲ ಗಣಿಯ ಹೊಗೆಗೆ ಸಿಕ್ಕಿ ಸತ್ತಂತೆ ಬಿದ್ದಿದ್ದ ಕೂಲಿಯೊಬ್ಬನ ಬಾಯಿಗೆ ಬಾಯಿಟ್ಟು, ವಿಲಿಯಂ ಟಾಸಕ್ ಎಂಬ ಶಸ್ತ್ರವೈದ್ಯ ತನ್ನ ಉಸಿರನ್ನು ಊದಿದ. ಕೂಲಿ ಬದುಕಿದ. ಟಾಸಕ್ ಅದನ್ನು ಬರೆದು ಪ್ರಕಟಿಸಿದ್ದು 1744ರಲ್ಲಿ. ಲಂಡನ್ನಿನ ವೈದ್ಯ ಜಾನ್ ಫಾದರ್‌ಗಿಲ್ ಅದನ್ನು ಓದಿ 1745ರಲ್ಲಿ ರಾಯಲ್ ಸೊಸೈಟಿಗೆ ಒಂದು ಟಿಪ್ಪಣಿ ಸಲ್ಲಿಸಿದ. ಬಾಯಿಗೆ ಬದಲು ತಿದಿಯನ್ನೇ ಬಳಸಬಾರದೇಕೆ ಎಂಬ ಪ್ರಶ್ನೆಯನ್ನು ತಾನೇ ಎತ್ತಿಕೊಂಡು ಅವನು ಕೊಟ್ಟ ಉತ್ತರ, ನಾನು ಓದಿದ್ದರಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು. ಒಬ್ಬ ಮನುಷ್ಯನ ಶ್ವಾಸಕೋಶ ಎಷ್ಟು ಬಲದಿಂದ ಊದಬಲ್ಲುದೋ ಅಷ್ಟು ಬಲವನ್ನು ಇನ್ನೊಬ್ಬನ ಶ್ವಾಸಕೋಶ ಗಾಸಿಯಿಲ್ಲದೆ ತಾಳಬಲ್ಲುದು. ತಿದಿಯ ಬಲಕ್ಕಾದರೋ ಅಂಥ ಮಿತಿಯಿಲ್ಲ, ಅದನ್ನು ಯಾವಾಗಲೂ ಅಳೆದು ತಿಳಿಯಲೂ ಬರುವುದಿಲ್ಲ ಎಂಬುದು ಅವನ ವಾದದ ಸಾರ. ಯಂತ್ರವು ಮನುಷ್ಯನಿಗಿಂತ ಬಲವಾದದ್ದು, ಆದ್ದರಿಂದಲೇ ಅಪಾಯಕರ ಎಂಬುದನ್ನು ಇಷ್ಟು ನೇರವಾಗಿ, ಇಷ್ಟು ಮೊದಲೇ ಕಂಡವನು ಅವನು.

ಆದರೆ ಕೇಳಿದವರು ಕಡಿಮೆ. 1767ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, 1774ರಲ್ಲಿ ಲಂಡನ್ನಿನಲ್ಲಿ, ನೀರಿಗೆ ಬಿದ್ದವರನ್ನು ಬದುಕಿಸುವ ಸಂಘಗಳು ಹುಟ್ಟಿಕೊಂಡವು. ಅವುಗಳ ಕಾಲದಲ್ಲಿ ತಿದಿಗೆ ಮತ್ತೆ ಮಾನ್ಯತೆ ಬಂತು. 1820ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಲೆರೊಯಾ ದೆತಿಯೋಲ್ ಎಂಬಾತ, ತಿದಿಯಿಂದ ರಭಸವಾಗಿ ಗಾಳಿ ತುಂಬಿದರೆ ಆರೋಗ್ಯವಂತ ಪ್ರಾಣಿಯೂ ಸಾಯುತ್ತದೆಂದು ಪ್ರಯೋಗ ಮಾಡಿ ತೋರಿಸಿದ. ಶ್ವಾಸಕೋಶ ಹರಿದು ಗಾಳಿ ಎದೆಯ ಗೂಡಿನೊಳಕ್ಕೆ ಸೋರುತ್ತಿತ್ತು. ಅವನು ತಿದಿಯನ್ನು ಎಸೆಯಿರೆಂದು ಹೇಳಿದವನಲ್ಲ. ವಯಸ್ಸಿಗೂ ಗಾತ್ರಕ್ಕೂ ತಕ್ಕಂತೆ ಎಷ್ಟು ಗಾಳಿಯೆಂಬುದಕ್ಕೆ ತಿದಿಗೇ ಅಳತೆಯ ಗೆರೆಗಳನ್ನು ಹಾಕಿಸಿದ. ಜನ ಅವನ ಭಯವನ್ನು ಸ್ವೀಕರಿಸಿದರು, ಅಳತೆಯನ್ನು ಬಿಟ್ಟುಬಿಟ್ಟರು. ತಿದಿಯೇ ಮೂಲೆ ಸೇರಿತು. ಎದೆಯನ್ನು ಹೊರಗಿನಿಂದ ಒತ್ತುವ, ತೋಳುಗಳನ್ನು ಎತ್ತಿ ಇಳಿಸುವ ಬಗೆಬಗೆಯ ವಿಧಾನಗಳಲ್ಲಿ ಆ ಶತಮಾನ ಕಳೆಯಿತು. 1928ರಲ್ಲಿ ಬಾಸ್ಟನ್ನಿನಲ್ಲಿ ಬಳಕೆಗೆ ಬಂದ 'ಉಕ್ಕಿನ ಶ್ವಾಸಕೋಶ' ಕೂಡ ಗಾಳಿಯನ್ನು ಒಳಕ್ಕೆ ನೂಕುವ ಯಂತ್ರವಲ್ಲ; ರೋಗಿಯ ಕತ್ತಿನಿಂದ ಕೆಳಗಿನ ದೇಹವನ್ನು ಪೆಟ್ಟಿಗೆಯೊಳಗಿಟ್ಟು, ಸುತ್ತಲಿನ ಒತ್ತಡವನ್ನು ತಗ್ಗಿಸಿ, ಎದೆ ತಾನಾಗಿ ಹಿಗ್ಗುವಂತೆ ಮಾಡುವ ಯಂತ್ರ.

ಗಾಳಿಯನ್ನು ಒಳಕ್ಕೆ ನೂಕುವ ವಿದ್ಯೆ ಮರಳಿ ಬಂದದ್ದು ಎರಡು ದಾರಿಗಳಿಂದ. ಒಂದು ಶಸ್ತ್ರಚಿಕಿತ್ಸೆಯ ದಾರಿ. 1846ರಲ್ಲಿ ಈಥರ್ ಬಂದಾಗಿನಿಂದ ರೋಗಿ ಅರಿವಿಲ್ಲದೆ ಮಲಗುತ್ತಿದ್ದನಾದರೂ ಉಸಿರನ್ನು ತಾನೇ ಆಡುತ್ತಿದ್ದ. 1942ರ ಜನವರಿಯಲ್ಲಿ ಮಾಂಟ್ರಿಯಲ್ಲಿನ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ವೈದ್ಯರು, ದಕ್ಷಿಣ ಅಮೆರಿಕದ ಕಾಡುಜನ ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ವಿಷವನ್ನು ಸ್ನಾಯುಗಳನ್ನು ಸಡಿಲಿಸಲು ಅರಿವಳಿಕೆಯಲ್ಲಿ ಬಳಸಿದರು. ಶಸ್ತ್ರವೈದ್ಯನ ಕೆಲಸ ಸುಲಭವಾಯಿತು. ಆದರೆ ಸಡಿಲವಾದ ಸ್ನಾಯುಗಳಲ್ಲಿ ಉಸಿರಾಟದ ಸ್ನಾಯುಗಳೂ ಇದ್ದವು. ಆ ಪದ್ಧತಿ ಹರಡಿದಂತೆಲ್ಲ ರೋಗಿಯ ಉಸಿರು ಪರಾಧೀನವಾಯಿತು.

ಇನ್ನೊಂದು ದಾರಿ ಕೋಪನ್‌ಹೇಗನ್ನಿನದು. 1952ರ ಬೇಸಗೆಯಲ್ಲಿ ಆ ಊರಿಗೆ ಪೋಲಿಯೋ ಬಡಿಯಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರು ಕಟ್ಟಿ ಬರುತ್ತಿದ್ದವರಲ್ಲಿ ಬಹುಪಾಲು ಮಕ್ಕಳು; ಇದ್ದ ಉಕ್ಕಿನ ಶ್ವಾಸಕೋಶ ಒಂದೇ. ಬಂದವರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಮುಖ್ಯ ವೈದ್ಯ ಲಾಸೆನ್, ಅರಿವಳಿಕೆಯ ವೈದ್ಯ ಬ್ಯೋರ್ನ್ ಇಬ್ಸೆನ್‌ನನ್ನು ಕರೆಸಿದರು. ಆಗಸ್ಟ್ 27ರಂದು ಇಬ್ಸೆನ್, ಸಾಯುವ ಸ್ಥಿತಿಯಲ್ಲಿದ್ದ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲ ನಾಳಕ್ಕೆ ಕೊಳವೆ ಹಾಕಿಸಿ, ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಬಳಸುವ ರಬ್ಬರಿನ ಚೀಲವನ್ನು ಕೈಯಿಂದ ಹಿಸುಕುತ್ತ ಗಾಳಿ ಕೊಟ್ಟ. ಹುಡುಗಿ ಬದುಕಿದಳು. ಉಳಿದವರಿಗೂ ಹೀಗೆಯೇ ಮಾಡಬೇಕಾದರೆ ಕೈಗಳು ಬೇಕಲ್ಲ? ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು. ಸುಮಾರು 1500 ಮಂದಿ, ಪಾಳಿಯ ಮೇಲೆ ಪಾಳಿ, ಹಾಸಿಗೆಯ ತಲೆದೆಸೆಯಲ್ಲಿ ಕುಳಿತು ಒಟ್ಟು 1,65,000 ಗಂಟೆಗಳ ಕಾಲ ಚೀಲ ಹಿಸುಕಿದರೆಂದು ಲೆಕ್ಕ ಹೇಳುತ್ತಾರೆ. ಮಾತಾಡಲಾಗದ ಮಕ್ಕಳಿಗೆ ಕಥೆ ಓದಿ ಹೇಳುತ್ತ ಹಿಸುಕಿದವರಿದ್ದರು. ತಾವು ಉಸಿರಾಡಿಸುತ್ತಿದ್ದ ಮಗು ರಾತ್ರಿಯ ನಡುವೆ ಕೈಯಲ್ಲೇ ಸತ್ತದ್ದನ್ನು ಕಂಡವರಿದ್ದರು. ನಮ್ಮ ಬಿ.ಎ. ಹುಡುಗರ ವಯಸ್ಸಿನವರು.

ಅಂದಿನಿಂದ ವೆಂಟಿಲೇಟರು ಲೋಕಕ್ಕೆ ಬಂತು. ಕೈಯ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ಚೀಲ ಹಿಸುಕುವ ಕೈಗೆ ಎದೆ ಬಿಗಿಯಾದದ್ದು ಸ್ವಲ್ಪವಾದರೂ ತಿಳಿಯುತ್ತದೆ. ಯಂತ್ರಕ್ಕೆ ತಿಳಿಯುವುದು ಹೇಳಿದಷ್ಟು ಗಾಳಿಯನ್ನು ನೂಕುವುದು ಮಾತ್ರ. ಇಷ್ಟೇ ನೂಕು ಎಂದು ಮನುಷ್ಯನೇ ಅದಕ್ಕೆ ಹೇಳಬೇಕು. ಏನು ಹೇಳಿದರು?

ಇಲ್ಲಿ ಒಂದು ತಪ್ಪು ನಡೆಯಿತು. ಅದು ಬುದ್ಧಿವಂತರ ತಪ್ಪು. 1963ರಲ್ಲಿ ಬಾಸ್ಟನ್ನಿನ ಬೆಂಡಿಕ್ಸೆನ್ ಮತ್ತು ಅವರ ಸಂಗಡಿಗರು, ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಹದಿನೆಂಟು ರೋಗಿಗಳನ್ನು ಪರಿಶೀಲಿಸಿ, ಯಂತ್ರದ ಉಸಿರಾಟದಲ್ಲಿ ಹೊತ್ತು ಕಳೆದಂತೆ ರಕ್ತದ ಆಮ್ಲಜನಕ ಇಳಿಯುತ್ತದೆಂದು ಕಂಡರು. ಕಾರಣವೂ ಹೊಳೆಯಿತು. ನಾವು ಎಚ್ಚರದಲ್ಲಿರುವಾಗ ಆಗಾಗ ಅರಿಯದೆಯೇ ನಿಟ್ಟುಸಿರು ಬಿಡುತ್ತೇವೆ. ಆ ಒಂದು ದೊಡ್ಡ ಉಸಿರು, ಮುದುಡುತ್ತಿರುವ ವಾಯುಕೋಶಗಳನ್ನು ಮತ್ತೆ ಬಿಡಿಸುತ್ತದೆ. ಯಂತ್ರ ನಿಟ್ಟುಸಿರು ಬಿಡುವುದಿಲ್ಲ. ಮಲಗಿದವನ ಶ್ವಾಸಕೋಶದ ಬೆನ್ನಿನ ಕಡೆಯ ಭಾಗ ಮೆಲ್ಲಮೆಲ್ಲನೆ ಕುಸಿಯುತ್ತದೆ. ಹಾಗಾದರೆ ಪ್ರತಿ ಉಸಿರನ್ನೂ ದೊಡ್ಡದಾಗಿಯೇ ಕೊಟ್ಟರಾಯಿತಲ್ಲ! ಗಮನಿಸಿದ್ದು ಸರಿ, ಕಾರಣ ಸರಿ, ಔಷಧ ಮಾತ್ರ ಅತಿಯಾಯಿತು. ಕಿಲೋಗ್ರಾಂ ತೂಕಕ್ಕೆ 10ರಿಂದ 15 ಮಿಲಿಲೀಟರ್ ಗಾಳಿ ಎಂಬುದು ವಾಡಿಕೆಯಾಗಿ ಎರಡು ಮೂರು ದಶಕ ನಿಂತಿತು. ನಿಸರ್ಗ ಕೊಟ್ಟ ಅಳತೆ ಇದರ ಅರ್ಧದಷ್ಟು. ಇಲಿಯಾಗಲಿ ಕುದುರೆಯಾಗಲಿ ಮನುಷ್ಯನಾಗಲಿ, ಸುಮ್ಮನಿರುವಾಗ ಎಳೆದುಕೊಳ್ಳುವ ಉಸಿರು ಕಿಲೋಗೆ ಸುಮಾರು ಏಳೆಂಟು ಮಿಲಿಲೀಟರು ಮಾತ್ರ.

ಎಚ್ಚರಿಕೆಗಳು ಬಾರದೆ ಇರಲಿಲ್ಲ. 1974ರಲ್ಲಿ ಅಮೆರಿಕದ ವೆಬ್ ಮತ್ತು ಟಿಯರ್ನಿ, 45 ಸೆಂಟಿಮೀಟರ್ ನೀರಿನ ಎತ್ತರಕ್ಕೆ ಸಮನಾದ ಒತ್ತಡದಿಂದ ಇಲಿಗಳ ಎದೆಗೆ ಗಾಳಿ ನೂಕಿದಾಗ, ಒಂದು ಗಂಟೆಯೊಳಗೆ ಆರೋಗ್ಯವಾಗಿದ್ದ ಶ್ವಾಸಕೋಶದಲ್ಲಿ ನೀರು ತುಂಬಿತು. ಉಸಿರು ಹೊರಬಿದ್ದ ಮೇಲೂ ಶ್ವಾಸಕೋಶ ಪೂರ್ತಿ ಕುಸಿಯದಂತೆ ಒಳಗೆ ಅಲ್ಪ ಒತ್ತಡವನ್ನು ಉಳಿಸಿದಾಗ—ವೈದ್ಯರ ಆಡುಮಾತಿನಲ್ಲಿ ಇದಕ್ಕೆ 'ಪೀಪ್' ಎನ್ನುತ್ತಾರೆ—ಹಾನಿ ಬಹಳ ಕಡಿಮೆಯಾಯಿತು. 1988ರಲ್ಲಿ ಪ್ಯಾರಿಸ್ಸಿನ ಡ್ರೇಫಸ್ ಮತ್ತು ಸೋಮೋನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಲಿಯ ಎದೆಗೂ ಹೊಟ್ಟೆಗೂ ಪಟ್ಟಿ ಬಿಗಿದು ಹಿಗ್ಗದಂತೆ ಮಾಡಿದರೆ, ಅಷ್ಟೇ ಒತ್ತಡ ಕೊಟ್ಟರೂ ಹಾನಿಯಾಗಲಿಲ್ಲ. ಹರಿಯುವುದು ಒತ್ತಡದಿಂದಲ್ಲ, ಹಿಗ್ಗಿನಿಂದ. ತುತ್ತೂರಿ ಊದುವವನ ಎದೆಯೊಳಗಿನ ಒತ್ತಡ ಆ ಇಲಿಗಳಿಗೆ ಕೊಟ್ಟದ್ದನ್ನೂ ಮೀರುತ್ತದೆ. ಆದರೂ ಕಛೇರಿ ಮುಗಿಸಿ ಅವನು ಆರಾಮವಾಗಿ ಊಟಕ್ಕೆ ಹೋಗುತ್ತಾನೆ. ಊದುವಾಗ ಅವನ ಎದೆಯ ಸ್ನಾಯುಗಳೇ ಪಟ್ಟಿಯಂತೆ ಬಿಗಿದುಕೊಂಡಿರುತ್ತವೆ.

ಇಷ್ಟರಲ್ಲಿ ಮಿಲಾನಿನ ಗಟ್ಟಿನೋನಿ, ತೀವ್ರವಾಗಿ ಜಖಂಗೊಂಡ ಶ್ವಾಸಕೋಶಗಳ ಸಿ.ಟಿ. ಚಿತ್ರಗಳನ್ನು ನೋಡಿ ಒಂದು ಹೊಸ ಮಾತು ಹೇಳಿದ್ದರು. ಅಂಥ ರೋಗಿಯಲ್ಲಿ ಗಾಳಿಗೆ ತೆರೆದಿರುವ ಭಾಗ ಒಂದು ಮಗುವಿನ ಶ್ವಾಸಕೋಶದಷ್ಟು ಮಾತ್ರ ಉಳಿದಿರುತ್ತದೆ. ಅದನ್ನು ಅವರು 'ಕೂಸಿನ ಶ್ವಾಸಕೋಶ' ಎಂದೇ ಕರೆದರು. ಕೂಸಿನ ಎದೆಗೆ ಆಳಿನ ಉಸಿರನ್ನು ನೂಕಿದರೆ ಏನಾದೀತು? ಉತ್ತರ 2000ದಲ್ಲಿ ದೊರೆಯಿತು. ಅಮೆರಿಕದ ಹಲವು ಆಸ್ಪತ್ರೆಗಳು ಕೂಡಿ 861 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕಿಲೋಗೆ 12 ಮಿಲಿಲೀಟರ್, ಇನ್ನೊಂದಕ್ಕೆ 6 ಮಿಲಿಲೀಟರ್ ಕೊಟ್ಟವು. ಮೊದಲನೆಯದರಲ್ಲಿ ನೂರಕ್ಕೆ 39.8 ಮಂದಿ ಸತ್ತರು, ಎರಡನೆಯದರಲ್ಲಿ 31. ಅಂತರ ಸ್ಪಷ್ಟವಾದದ್ದರಿಂದ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಇದ್ದ ಯಂತ್ರದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ್ದಷ್ಟೆ. ಕಿಲೋ ಎಂದರೆ ಇಲ್ಲಿ ತಕ್ಕಡಿಯ ಕಿಲೋ ಅಲ್ಲ. ಎತ್ತರದಿಂದ ಲೆಕ್ಕ ಹಾಕಿ, ಈ ಎತ್ತರದವರು ಸಹಜವಾಗಿ ಎಷ್ಟು ತೂಗಬೇಕೋ ಆ ಕಿಲೋ.

ಇವರೆಲ್ಲ ಮೊದಲೇ ಶ್ವಾಸಕೋಶ ಕೆಟ್ಟವರು. ಒಳ್ಳೆಯ ಶ್ವಾಸಕೋಶ ಹೊತ್ತು ಶಸ್ತ್ರಚಿಕಿತ್ಸೆಗೆ ಬಂದು, ಎರಡು ಮೂರು ಗಂಟೆ ಯಂತ್ರದ ಉಸಿರಾಡಿ ಹೋಗುವವರಿಗೂ ಇದು ಮುಖ್ಯವೇ? ಈ ಪ್ರಶ್ನೆಯ ಬಳಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. 1986ರಲ್ಲಿ ನನ್ನ ಅಣ್ಣನಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಯಿತು. ನಾಲ್ಕೂವರೆ ಗಂಟೆ ಹಿಡಿಯಿತು. ಚೆನ್ನಾಗಿ ಆಯಿತೆಂದು ವೈದ್ಯರು ಹೊರಬಂದು ಅತ್ತಿಗೆಗೆ ಹೇಳಿದರು, ಸುಳ್ಳೇನೂ ಹೇಳಲಿಲ್ಲ. ಮೂರನೆಯ ದಿನ ಉಸಿರಿನ ತೊಂದರೆ ಶುರುವಾಯಿತು, ಜ್ವರ ಬಂತು, ನ್ಯುಮೋನಿಯ ಎಂದರು. ಮತ್ತೆ ಯಂತ್ರಕ್ಕೆ ಹಾಕಿದರು. ಒಂಬತ್ತನೆಯ ದಿನ ಅಣ್ಣ ತೀರಿಕೊಂಡ. ಅಣ್ಣ ಐದಡಿಯ ಮನುಷ್ಯ, ತೂಕ ಎಂಬತ್ತು ಕಿಲೋ ಹತ್ತಿರ. ಅಂದಿನ ವಾಡಿಕೆಯಂತೆ ತಕ್ಕಡಿಯ ತೂಕಕ್ಕೆ ಲೆಕ್ಕ ಹಾಕಿದರೆ ಅವನ ಒಂದೊಂದು ಉಸಿರೂ 800ರಿಂದ 1200 ಮಿಲಿಲೀಟರು. ಇಂದಿನ ಲೆಕ್ಕದಲ್ಲಿ ಐದಡಿಯ ಗಂಡಸಿಗೆ ಸಹಜ ತೂಕ 50 ಕಿಲೋ. ಉಸಿರು 300ರಿಂದ 400. ನ್ಯುಮೋನಿಯಕ್ಕೆ ನೂರು ಕಾರಣಗಳಿರುತ್ತವೆ. ಅವನಿಗೆ ಅಂದು ಕೊಟ್ಟದ್ದೆಷ್ಟೆಂಬ ಕಾಗದ ನನ್ನ ಬಳಿಯಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಕಟ್ಟಲು ನನಗೆ ಆಧಾರವಿಲ್ಲ, ಯಾರನ್ನೂ ದೂರುವ ಹಕ್ಕೂ ಇಲ್ಲ. ಆ ವೈದ್ಯರು ತಮ್ಮ ಕಾಲದ ಪುಸ್ತಕವನ್ನು ಓದಿಕೊಂಡಿದ್ದವರು. ಆದರೂ ಆ ಎರಡು ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದುಕೊಂಡು ನೋಡಿದವನಿಗೆ ಅಂದು ರಾತ್ರಿ ನಿದ್ರೆ ಬರಲಿಲ್ಲ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ಉತ್ತರ ಬಂದದ್ದು 2013ರಲ್ಲಿ, ಫ್ರಾನ್ಸಿನಿಂದ. ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ 400 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಹಳೆಯ ದೊಡ್ಡ ಉಸಿರು, ಉಳಿದವರಿಗೆ ಕಿಲೋಗೆ 6ರಿಂದ 8 ಮಿಲಿಲೀಟರಿನ ಸಣ್ಣ ಉಸಿರು, ಜೊತೆಗೆ ಅಲ್ಪ ಪೀಪ್, ಅರ್ಧ ಗಂಟೆಗೊಮ್ಮೆ ಯಂತ್ರವೇ ಬಿಡಿಸುವ ಒಂದು ನಿಟ್ಟುಸಿರು. ಮೊದಲ ಏಳು ದಿನಗಳಲ್ಲಿ ತೀವ್ರ ತೊಡಕುಗಳಾದವರು ಹಳೆಯ ಪದ್ಧತಿಯಲ್ಲಿ ನೂರಕ್ಕೆ 27.5, ಹೊಸದರಲ್ಲಿ 10.5. ಬೆಂಡಿಕ್ಸೆನ್‌ರ ನಿಟ್ಟುಸಿರು ಇಲ್ಲಿ ಮರಳಿ ಬಂದದ್ದನ್ನು ನೋಡಿ: ಪ್ರತಿ ಉಸಿರಿಗೂ ಅಲ್ಲ, ಅರ್ಧ ಗಂಟೆಗೊಮ್ಮೆ ಮಾತ್ರ.

ಕಥೆ ಇಲ್ಲಿಗೆ ಸುಖಾಂತವಾಗಿದ್ದರೆ ಹೇಳುವವನಿಗೆ ಅನುಕೂಲವಾಗುತ್ತಿತ್ತು. ಆದರೆ ವಿಜ್ಞಾನ ನಾಟಕಕಾರನ ಅಂಕೆಗೆ ಸಿಕ್ಕುವುದಿಲ್ಲ. 2014ರಲ್ಲಿ 900 ರೋಗಿಗಳ ಒಂದು ಅಧ್ಯಯನ, ಎಲ್ಲರಿಗೂ ಸಣ್ಣ ಉಸಿರನ್ನೇ ಕೊಟ್ಟು, ಪೀಪ್ ಹೆಚ್ಚಾದರೆ ಲಾಭವುಂಟೆ ಎಂದು ನೋಡಿತು. ಲಾಭವಿರಲಿಲ್ಲ, ರಕ್ತದೊತ್ತಡ ಕುಸಿಯುವ ತೊಂದರೆ ಮಾತ್ರ ಹೆಚ್ಚಿತು. 2020ರಲ್ಲಿ ಮೆಲ್ಬೋರ್ನಿನ ಅಧ್ಯಯನವೊಂದು ಸಾವಿರದ ಇನ್ನೂರಕ್ಕೂ ಹೆಚ್ಚು ರೋಗಿಗಳಲ್ಲಿ, ಎರಡೂ ಪಂಗಡಗಳಿಗೆ ಒಂದೇ ಅಲ್ಪ ಪೀಪ್ ಕೊಟ್ಟು, 6 ಮಿಲಿಲೀಟರನ್ನೂ 10 ಮಿಲಿಲೀಟರನ್ನೂ ಹೋಲಿಸಿತು. ತೊಡಕುಗಳು ಒಂದರಲ್ಲಿ ನೂರಕ್ಕೆ 38, ಇನ್ನೊಂದರಲ್ಲಿ 39. ಅಂದರೆ ವ್ಯತ್ಯಾಸವೇ ಇಲ್ಲ! ಹಾಗಾದರೆ ಫ್ರಾನ್ಸಿನ ರೋಗಿಗಳನ್ನು ಕಾಪಾಡಿದ್ದು ಸಣ್ಣ ಉಸಿರೋ, ಅಲ್ಪ ಪೀಪೋ, ನಿಟ್ಟುಸಿರೋ, ಮೂರೂ ಕೂಡಿಯೋ? ತಜ್ಞರು ಇನ್ನೂ ವಾದಿಸುತ್ತಿದ್ದಾರೆ. ಕಿಲೋಗೆ 15ಕ್ಕೆ ಹಿಂದಿರುಗಿ ಎಂದು ಹೇಳುವವರು ಮಾತ್ರ ನನಗೆ ಯಾರೂ ಸಿಕ್ಕಲಿಲ್ಲ. ವಾದವೆಲ್ಲ ಈಗ ನಿಸರ್ಗದ ಅಳತೆಯ ಅಕ್ಕಪಕ್ಕದಲ್ಲೇ.

2020ರಲ್ಲಿ ಬಂದ ಮಹಾಮಾರಿ ವೆಂಟಿಲೇಟರ್ ಎಂಬ ಶಬ್ದವನ್ನು ಕನ್ನಡದ ಮನೆಮನೆಗೂ ತಂದಿತು. ಅದಕ್ಕೊಂದು ಕನ್ನಡ ಪದ ಬೇಕೆಂದು ಪತ್ರಿಕೆಯ ಮಿತ್ರರೊಬ್ಬರು ಆಗ ನನ್ನನ್ನು ಕೇಳಿದ್ದರು. 'ಕೃತಕ ಉಸಿರಾಟದ ಯಂತ್ರ' ಎಂದೇನೋ ಹೇಳಿ ಕಳಿಸಿದ್ದೆ. ತಿದಿಯ ನೆನಪು ಆಗ ಬಂದಿರಲಿಲ್ಲ.

ಹೊಲಿಗೆ ಬಿಚ್ಚಿಸಲು ಹೋದ ದಿನ ಆ ವೈದ್ಯೆಯನ್ನು ಕಂಡು, ನನಗೆ ಎಷ್ಟು ಕೊಟ್ಟಿರಿ ಎಂದು ಕೇಳಿದೆ. ರೋಗಿಗಳು ಕೇಳುವ ಪ್ರಶ್ನೆಯಲ್ಲವಾದ್ದರಿಂದ ಅವರಿಗೆ ಆಶ್ಚರ್ಯವಾಯಿತು. ದಾಖಲೆ ತರಿಸಿ ನೋಡಿ, ಔಷಧದ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. 165 ಸೆಂಟಿಮೀಟರಿನ ಗಂಡಸಿಗೆ ಸಹಜ ತೂಕ ಅರವತ್ತೊಂದೂವರೆ ಕಿಲೋ. ಕಿಲೋಗೆ 7ರಂತೆ 430 ಮಿಲಿಲೀಟರು. "ಸಾಕಾಯಿತೇ?" ಎಂದೆ. "ಎದ್ದು ಕೂತು ಕೇಳುತ್ತಿದ್ದೀರಲ್ಲ ಸರ್" ಎಂದರು. ಆ ಚೀಟಿ ನನ್ನ ಹಳೆಯ ನಿಘಂಟಿನಲ್ಲಿ, ತಕಾರದ ಪುಟಗಳ ನಡುವೆ ಇದೆ.